ರಾತ್ರಿಯೂಟದಿಂದ ಅನ್ನ ಏಳಬೇಕೇ?

ಸಂಜೆ ಆರಾಯಿತೆಂದರೆ ಅಡುಗೆಮನೆಯಲ್ಲಿ, ಈಚೆಗೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲೂ, ‘ರಾತ್ರಿಗೆ ಏನು ಮಾಡೋದು?’ ಎಂಬ ಪ್ರಶ್ನೆ ಏಳುತ್ತದೆ. ಮೊದಲೆಲ್ಲ ಅದಕ್ಕೆ ಉತ್ತರವಾಗಿ ಒಂದು ಸಾರಿನ ಹೆಸರು ಬರುತ್ತಿತ್ತು. ಬಸ್ಸಾರು, ಹುಳಿ, ಅಥವಾ ಮಧ್ಯಾಹ್ನದ್ದೇ ಇದೆ, ಬಿಸಿ ಮಾಡಿದರಾಯಿತು. ಈಗ ಸಾರು ಯಾವುದೆಂದು ತೀರ್ಮಾನವಾಗುವ ಮೊದಲೇ ಅದರ ಜೊತೆಗೇನು ಎಂಬ ತಕರಾರು ಶುರುವಾಗುತ್ತದೆ. ಹಿರಿಯರಿಗೆ ಅನ್ನವೇ ಬೇಕು. ಸಕ್ಕರೆ ಕಾಯಿಲೆಯ ಭಯ ಹತ್ತಿದವರಿಗೆ ಎರಡು ಚಪಾತಿ ಸಾಕು. ವಾಕಿಂಗಿಗೆ ಹೋದಾಗ ಯಾರದೋ ಮಾತು ಕೇಳಿ ಬಂದವರು ನವಣೆ ತಂದಿಟ್ಟಿರುತ್ತಾರೆ. ತಮಾಷೆಯಾಗಿ ನಡೆಯುವ ಈ ಜಗಳದಲ್ಲಿ ವಿಜ್ಞಾನವೂ ಇದೆ, ಅರೆಬೆಂದ ವಿಜ್ಞಾನವೂ ಇದೆ. ಚರ್ಚೆಗೆ ಅನುಕೂಲವಾಗಲೆಂದು ಅದನ್ನು ಒಂದು ನಿರ್ಣಯವಾಗಿ ಇಟ್ಟುಕೊಳ್ಳೋಣ: ‘ಆರೋಗ್ಯ ಬೇಕೆನ್ನುವ ಮನೆಯವರು ರಾತ್ರಿಯೂಟದಿಂದ ಅನ್ನವನ್ನು ಪೂರ್ತಿ ತೆಗೆಯಬೇಕು.’ ನನ್ನ ಒಲವು ವಿರೋಧದ ಕಡೆಗಿದೆ. ಆದರೆ ಪರ ವಾದ ಹಗುರವಾದುದಲ್ಲ, ಅದನ್ನು ಅದರ ಪೂರ್ತಿ ಬಲದೊಂದಿಗೇ ಕೇಳಬೇಕು.

ಪರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ಇದು ಶೇ 11.4. ಇನ್ನೂ ಶೇ 15.3ರಷ್ಟು ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇದರಲ್ಲಿ ಅನ್ನದ ಪಾಲೆಷ್ಟು? 21 ದೇಶಗಳ 1.32 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ‘ಪ್ಯೂರ್’ ಅಧ್ಯಯನದ ಫಲಿತಾಂಶ 2020ರಲ್ಲಿ ಹೊರಬಂತು. ದಕ್ಷಿಣ ಏಷ್ಯಾದಲ್ಲಿ ದಿನಕ್ಕೆ 450 ಗ್ರಾಂ ಅಥವಾ ಅದಕ್ಕೂ ಹೆಚ್ಚು ಬಿಳಿ ಅನ್ನ ಉಣ್ಣುವವರಿಗೆ, 150 ಗ್ರಾಮಿಗಿಂತ ಕಡಿಮೆ ಉಣ್ಣುವವರಿಗೆ ಹೋಲಿಸಿದರೆ, ಮಧುಮೇಹ ಬರುವ ಸಾಧ್ಯತೆ ಶೇ 61ರಷ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು. 450 ಗ್ರಾಂ ಅನ್ನವೆಂದರೆ ಬಕಾಸುರನ ಊಟವೇನಲ್ಲ. ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಸಾರಿಗೊಂದು ಸಲ ಮೊಸರಿಗೊಂದು ಸಲ ಹಾಕಿಸಿಕೊಳ್ಳುವ ಯಾರಾದರೂ ಅಲ್ಲಿಗೆ ಸಲೀಸಾಗಿ ಮುಟ್ಟುತ್ತಾರೆ. ಎರಡರಲ್ಲಿ ಒಂದು ಹೊತ್ತಿನದನ್ನು ತೆಗೆದರೆ ಪ್ರಮಾಣ ತಾನಾಗಿ ಅರ್ಧಕ್ಕಿಳಿಯುತ್ತದೆ.

ತೆಗೆಯುವುದಾದರೆ ರಾತ್ರಿಯದನ್ನೇ ತೆಗೆಯಬೇಕು ಎನ್ನುವುದಕ್ಕೂ ಕಾರಣವಿದೆ. ಬೆಳಿಗ್ಗೆ ತಿಂದ ಪಿಷ್ಟವನ್ನು ದೇಹ ಚುರುಕಾಗಿ ನಿಭಾಯಿಸುತ್ತದೆ. ಇಳಿಹೊತ್ತಿಗೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಮಂದವಾಗುವುದರಿಂದ ಅಷ್ಟೇ ಊಟಕ್ಕೆ ರಕ್ತದ ಸಕ್ಕರೆ ಹೆಚ್ಚು ಏರಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಅದರ ಮೇಲೆ ನಾವು ಒಂಬತ್ತಕ್ಕೆ ಉಂಡು ಟೀವಿ ಮುಂದೆ ಕೂತು ಹತ್ತೂವರೆಗೆ ಮಲಗುವವರು. ಇನ್ನೊಂದು ಕಾರಣ ಬಡಿಸುವ ಕ್ರಮದಲ್ಲಿದೆ. ಚಪಾತಿಗೂ ಮುದ್ದೆಗೂ ಎಣಿಕೆಯಿದೆ. ಮೂರನೆಯ ಚಪಾತಿಗೆ ಕೈಚಾಚುವವರಿಗೆ ಅದು ಮೂರನೆಯದೆಂದು ಗೊತ್ತಿರುತ್ತದೆ. ಅನ್ನಕ್ಕೆ ಅಂಥ ಲೆಕ್ಕವಿಲ್ಲ. ಸಾರು ಉಳಿದರೆ ಅದಕ್ಕೆ ಇನ್ನಷ್ಟು ಅನ್ನ, ಅನ್ನ ಉಳಿದರೆ ಅದಕ್ಕೆ ಇನ್ನಷ್ಟು ಸಾರು, ಕೊನೆಗೆ ಮಜ್ಜಿಗೆಗೆ ಬೇರೆ. ಮೆತ್ತಗಿನ ತುತ್ತು ಅಗಿಯದೆಯೂ ಇಳಿಯುತ್ತದೆ, ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತದೆ.

ಅಜ್ಜ ಮುತ್ತಜ್ಜಂದಿರು ಉಂಡು ನೂರು ವರ್ಷ ಬಾಳಲಿಲ್ಲವೇ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಬಯಲುಸೀಮೆಯ ಎಷ್ಟೋ ಮನೆಗಳ ಅಜ್ಜಂದಿರು ಉಂಡದ್ದು ಅನ್ನವನ್ನಲ್ಲ. ಹಳೇ ಮೈಸೂರಿನವರು ಮುದ್ದೆ ಉಂಡರು, ಉತ್ತರದವರು ಜೋಳದ ರೊಟ್ಟಿ ತಿಂದರು, ಅನ್ನ ಹಬ್ಬಕ್ಕೋ ನೆಂಟರು ಬಂದಾಗಲೋ ಆಗುತ್ತಿತ್ತು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟದ್ದು ಹಟ್ಟಿಯ ದಿನದಿನದ ಊಟ ರಾಗಿಯಾಗಿದ್ದ ಕಾಲದಲ್ಲಿ. ಪಡಿತರದ ಅಕ್ಕಿ, ಅದರಲ್ಲೂ 2013ರ ಅನ್ನಭಾಗ್ಯ, ಹಸಿವನ್ನು ದೂರ ಮಾಡಿದ್ದು ನಿಜ, ಅದರ ಬಗ್ಗೆ ಹಗುರವಾಗಿ ಮಾತಾಡುವುದು ಹೊಟ್ಟೆ ತುಂಬಿದವರ ಚಟ. ಆದರೆ ಹಬ್ಬದ ಊಟ ದಿನದ ಊಟವಾದಾಗ ಕಳೆದುಹೋದುದೂ ಇದೆ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2017ರ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶವಿದ್ದರೆ ಪಾಲಿಷ್ ಅಕ್ಕಿಯಲ್ಲಿ ಏಳೂವರೆ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ರಾತ್ರಿ ಅನ್ನ ಬಿಡುವುದೆಂದರೆ ಬಯಲುಸೀಮೆಯವರಿಗೆ ಹೊಸ ಫ್ಯಾಷನ್ ಹಿಡಿದಂತಲ್ಲ, ಬಿಟ್ಟ ಊಟಕ್ಕೆ ಮರಳಿದಂತೆ.

ವಿರೋಧ

ಈ ಅಂಕಿಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಅವನ್ನು ಕೊನೆಯವರೆಗೆ ಓದಬೇಕು ಎನ್ನುವುದಷ್ಟೇ ನನ್ನ ತಕರಾರು. ಅದೇ ಪ್ಯೂರ್ ಅಧ್ಯಯನದಲ್ಲಿ ಚೀನಾದ ಲೆಕ್ಕವೂ ಇದೆ. ಅಲ್ಲಿ ಹೆಚ್ಚು ಅನ್ನ ಉಣ್ಣುವವರಿಗೂ ಕಡಿಮೆ ಉಣ್ಣುವವರಿಗೂ ನಡುವೆ ಗಣನೆಗೆ ತೆಗೆದುಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಕ್ಕಿಯೊಂದೇ ಅಪರಾಧಿಯಾಗಿದ್ದರೆ ಅದು ಗಡಿ ದಾಟಿದ ಕೂಡಲೇ ಸಂಭಾವಿತನಾಗುತ್ತಿರಲಿಲ್ಲ. ಅನ್ನದ ಪಕ್ಕದಲ್ಲಿ ಏನಿದೆ, ಎಷ್ಟಿದೆ, ಉಣ್ಣುವವರು ದಿನವಿಡೀ ಎಷ್ಟು ಮೈ ಆಡಿಸುತ್ತಾರೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಇದನ್ನು ಇನ್ನೂ ಬಿಡಿಸಿ ಹೇಳಿದ್ದು 2025ರಲ್ಲಿ ಪ್ರಕಟವಾದ ಇಂಡಿಯಾಬ್‌ನ ಆಹಾರದ ವಿಶ್ಲೇಷಣೆ. ಭಾರತೀಯರು ಶಕ್ತಿಯ ಸುಮಾರು ಶೇ 62ರಷ್ಟನ್ನು ಕಾರ್ಬೊಹೈಡ್ರೇಟಿನಿಂದಲೇ ಪಡೆಯುತ್ತಾರೆ ಎಂದ ಆ ವರದಿ, ಬಿಳಿ ಅಕ್ಕಿಯ ಜಾಗದಲ್ಲಿ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು ಕೂರಿಸಿದ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗುವುದು ಕಾಣುವುದಿಲ್ಲ ಎಂದೂ ಹೇಳಿತು. ಒಟ್ಟು ಕಾರ್ಬೊಹೈಡ್ರೇಟ್ ಇಳಿಯಬೇಕು, ಅದರ ಒಂದು ಪಾಲು ಕಾಳುಬೇಳೆಯ ಅಥವಾ ಹಾಲುಮೊಸರಿನ ಪ್ರೋಟೀನಿಗೆ ಹೋಗಬೇಕು, ಆಗ ಅಪಾಯ ಕಡಿಮೆ. ಪರ ವಾದದವರು ಧಾನ್ಯಧಾನ್ಯಗಳ ನಡುವೆ ಚುನಾವಣೆ ನಡೆಸುತ್ತಿದ್ದಾರೆ. ನಿಜವಾದ ಪೈಪೋಟಿ ಇರುವುದು ಧಾನ್ಯಕ್ಕೂ ಕಾಳಿಗೂ ನಡುವೆ.

ಅನ್ನ ಬಿಟ್ಟು ಮುದ್ದೆಗೆ ಬಂದವರ ಲೆಕ್ಕವನ್ನೇ ನೋಡಿ. ಸುಣ್ಣದಂಶ, ನಾರು ಎರಡರಲ್ಲೂ ರಾಗಿ ಗೆದ್ದಿತು, ಒಪ್ಪಿದೆ. ಆದರೆ ಪ್ರೋಟೀನು ಅದೇ ಕೋಷ್ಟಕದಲ್ಲಿ ರಾಗಿಯಲ್ಲಿ ಏಳು ಗ್ರಾಂ ಚಿಲ್ಲರೆ, ಅಕ್ಕಿಯಲ್ಲಿ ಸುಮಾರು ಎಂಟು. ಶಕ್ತಿ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 356. ಆಕಾಶ ಭೂಮಿಯ ಅಂತರವೇನಿಲ್ಲ. ಅದರ ಮೇಲೆ ಗಿರಣಿಯಲ್ಲಿ ನುಣ್ಣಗೆ ಬೀಸಿಸಿದಷ್ಟೂ ಹಿಟ್ಟು ಬೇಗ ಜೀರ್ಣವಾಗುತ್ತದೆ. ಮುದ್ದೆಗೆ ಎಣಿಕೆ ಇದೆ ಎಂಬ ವಾದವೂ ಪೂರ್ತಿ ನಿಲ್ಲುವಂಥದಲ್ಲ. ಒಂದು ಮುದ್ದೆ ಎಂದವರು ಅದರ ಗಾತ್ರ ಹೇಳಲಿಲ್ಲ, ಮುದ್ದೆಗೆ ಐಎಸ್‌ಐ ಮುದ್ರೆ ಇನ್ನೂ ಬಂದಿಲ್ಲ. ಚಪಾತಿಯದೂ ಅದೇ ಕತೆ. ಒಣಗದಿರಲೆಂದು ಎರಡೂ ಮಗ್ಗುಲಿಗೆ ಎಣ್ಣೆ ಸವರಿ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ ಇಟ್ಟು ಮೂರು ತಿಂದವರು ಅನ್ನ ಬಿಟ್ಟೆವೆಂಬ ಸಮಾಧಾನದಲ್ಲಿ ಪಿಷ್ಟದ ಜೊತೆ ಪಿಷ್ಟವನ್ನೇ ತಿಂದಿರುತ್ತಾರೆ. ಇನ್ನು ಸಿರಿಧಾನ್ಯದ ಹೆಸರಿನಲ್ಲಿ ಪೊಟ್ಟಣದಲ್ಲಿ ಬರುವ ನೂಡಲ್ಸು, ಬಿಸ್ಕತ್ತುಗಳ ಮಾತು ಬೇಡ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷವೆಂದು ಸಾರಿದ ಮೇಲೆ ರೈತನಿಗೆ ಎಷ್ಟು ಸಿಕ್ಕಿತೋ, ಪೊಟ್ಟಣದ ಮೇಲೆ ತೆನೆಯ ಚಿತ್ರ ಬರೆಯುವವರಿಗಂತೂ ಕೆಲಸ ಸಿಕ್ಕಿತು.

ಹಾಗಾದರೆ ರಾತ್ರಿಗೆ ಏನು ಮಾಡಬೇಕು? ಉತ್ತರ ನಮ್ಮ ಅಡುಗೆಯಲ್ಲೇ ಇದೆ, ಬಸ್ಸಾರಿನಲ್ಲಿ. ದಂಟು, ಕೀರೆ, ಕಿಲಕೀರೆ, ಯಾವ ಸೊಪ್ಪು ಸಿಕ್ಕರೆ ಅದನ್ನು ತೊಗರಿಬೇಳೆಯೊಂದಿಗೋ ಹೆಸರುಕಾಳಿನೊಂದಿಗೋ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಅದಕ್ಕೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತಾರೆ. ಬಸಿದ ಮೇಲೆ ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯಿತು, ಪ್ರೋಟೀನಿರುವ ಪಲ್ಯವೂ ಆಯಿತು. ಸೊಪ್ಪು ಬೆಂದ ನೀರನ್ನು ಚೆಲ್ಲುವ ಮಾತೇ ಇಲ್ಲ. ಆದರೆ ಇಷ್ಟು ಒಳ್ಳೆಯ ಅಡುಗೆಯನ್ನು ನಾವು ಬಡಿಸುವ ರೀತಿ ತಲೆಕೆಳಗು. ತಟ್ಟೆಯ ತುಂಬ ಅನ್ನ ಅಥವಾ ಮುದ್ದೆ, ಅಂಚಿನಲ್ಲಿ ಉಪ್ಪಿನಕಾಯಿಯಷ್ಟು ಪಲ್ಯ. ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನಕ್ಕೆ ಎಲ್ಲ ಧಾನ್ಯ ಸೇರಿ 250 ಗ್ರಾಂ ಸಾಕು, ಸೊಪ್ಪು ತರಕಾರಿ 400 ಗ್ರಾಂ ಬೇಕು, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ ಇರಲಿ ಎಂದಿದೆ. ಧಾನ್ಯಕ್ಕಿಂತ ತರಕಾರಿಯ ತೂಕ ಹೆಚ್ಚು! ನಮ್ಮ ತಟ್ಟೆಯಲ್ಲಿ ಇದು ತಿರುಗುಮುರುಗಾಗಿದೆ, ಅದನ್ನು ಸರಿಪಡಿಸಲು ಅಕ್ಕಿ ಡಬ್ಬಿಯನ್ನು ಅಟ್ಟಕ್ಕೆ ಏರಿಸಬೇಕಾಗಿಲ್ಲ, ಪಲ್ಯದ ಸೌಟನ್ನು ದೊಡ್ಡದು ಮಾಡಿದರೆ ಸಾಕು.

ಯಾವುದನ್ನು ಮೊದಲು ತಿನ್ನುತ್ತೇವೆ ಎನ್ನುವುದಕ್ಕೂ ಬೆಲೆಯಿದೆ. ಮಧುಮೇಹಿಗಳ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪುಟ್ಟದೊಂದು ಪ್ರಯೋಗದಲ್ಲಿ ಅದೇ ಊಟ, ಅಷ್ಟೇ ಪ್ರಮಾಣ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗಿಟ್ಟ ದಿನ ಊಟದ ನಂತರದ ಸಕ್ಕರೆ ಸ್ಪಷ್ಟವಾಗಿ ಕಡಿಮೆ ಏರಿತು. ಭಾಗವಹಿಸಿದವರು ಹನ್ನೊಂದೇ ಮಂದಿಯಾದ್ದರಿಂದ ಅದನ್ನು ವೇದವಾಕ್ಯವೆನ್ನುವಂತಿಲ್ಲ, ಆದರೆ ಖರ್ಚಿಲ್ಲದ ಉಪಾಯ. ನಮ್ಮಲ್ಲಿ ಬಾಳೆಲೆಯ ಊಟಕ್ಕೆ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರೆ. ದುರದೃಷ್ಟವಶಾತ್, ಅನ್ನ ಬರುವವರೆಗೆ ಅವನ್ನು ಮುಟ್ಟದೆ ಕಾಯುವುದೇ ಮರ್ಯಾದೆ ಎಂದುಕೊಂಡಿದ್ದೇವೆ.

ಎಲ್ಲ ಅನ್ನವೂ ಒಂದೇ ಅಲ್ಲ ಎಂಬುದನ್ನು ನಿರ್ಣಯ ಮರೆತಿದೆ. ಕರಾವಳಿಯ ಕುಚ್ಚಲಕ್ಕಿಯನ್ನು ಭತ್ತವಾಗಿರುವಾಗಲೇ ಬೇಯಿಸುವುದರಿಂದ ತೌಡಿನಲ್ಲಿರುವ ಬಿ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಪಾಲಿಷ್ ಅಕ್ಕಿಗೂ ಬೆರಿಬೆರಿ ಕಾಯಿಲೆಗೂ ಇರುವ ನಂಟನ್ನು ಜಾವಾದಲ್ಲಿ ಕೋಳಿಗಳ ಮೂಲಕ ಹಿಡಿದ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ತೌಡಿನ ಬೆಲೆಯನ್ನು ವಿಜ್ಞಾನ ಕಂಡುಕೊಂಡದ್ದು ಹಾಗೆ. ಉಡುಪಿಯ ಮನೆಯಲ್ಲಿ ಗಂಜಿ, ಹುರುಳಿ ಚಟ್ನಿ, ಒಂದು ಬಂಗುಡೆ ಇಟ್ಟುಕೊಂಡವರಿಗೆ ಬೆಂಗಳೂರಿನಿಂದ ‘ಚಪಾತಿ ತಿನ್ನಿ’ ಎಂದು ಹೇಳಿಕಳಿಸುವುದು ಉದ್ಧಟತನ.

ಈ ಚರ್ಚೆಗಳಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ: ಚಪಾತಿ ಲಟ್ಟಿಸುವವರು ಯಾರು? ಅನ್ನಕ್ಕಿಟ್ಟರೆ ಕುಕ್ಕರ್ ತಾನೇ ಕೂಗುತ್ತದೆ. ಐದು ಮಂದಿಗೆ ಚಪಾತಿ ಎಂದರೆ ಹಿಟ್ಟು ಕಲಸಿ, ನೆನೆಯಲು ಬಿಟ್ಟು, ಒಲೆಯ ಮುಂದೆ ನಿಂತು ಒಂದೊಂದೇ ಬೇಯಿಸಬೇಕು. ಉಳಿದವರು ಬಿಸಿಬಿಸಿ ತಿಂದೆದ್ದ ಮೇಲೆ ಲಟ್ಟಿಸಿದವರ ಪಾಲಿಗೆ ಉಳಿಯುವುದು ಆರಿದ್ದು. ಹಿರಿಯರಿಗೆ ಅನ್ನ, ಒಬ್ಬರಿಗೆ ಮುದ್ದೆ, ಮಕ್ಕಳಿಗೆ ಚಪಾತಿ ಎಂದು ಆರೋಗ್ಯ ಕವಲೊಡೆದರೆ ಕೆಲಸ ಮೂರು ಪಟ್ಟು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಟ್ಟದ್ದು 97. ರಾತ್ರಿ ಅನ್ನ ಬೇಡವೆನ್ನುವ ಗಂಡಸು ಲಟ್ಟಣಿಗೆಯನ್ನೂ ಹಿಡಿಯುವುದಾದರೆ ನನ್ನ ಆಕ್ಷೇಪವಿಲ್ಲ, ನಿರ್ಣಯಕ್ಕೆ ಅಷ್ಟು ತಿದ್ದುಪಡಿ ತರಲಿ.

ಪರ ವಾದಕ್ಕೆ ಉಳಿದಿರುವ ಗಟ್ಟಿ ಉತ್ತರ ಒಂದೇ. ‘ಕಡಿಮೆ ಉಣ್ಣಿ’ ಎಂಬುದು ಯಾರೂ ಪಾಲಿಸದ ನಿಯಮ, ‘ಉಣ್ಣಲೇಬೇಡಿ’ ಎಂದರೆ ಗೆರೆಯಾದರೂ ಸ್ಪಷ್ಟ. ಈ ಮಾತಿನಲ್ಲಿ ಮನುಷ್ಯಸ್ವಭಾವದ ತಿಳಿವಳಿಕೆಯಿದೆ, ಕೆಲವರಿಗೆ ಪೂರ್ತಿ ಬಿಡುವುದೇ ಸುಲಭ. ಆದರೆ ಮನೆಯ ಊಟ ಒಬ್ಬರ ವ್ರತವಲ್ಲ. ತಾವು ಬಿಟ್ಟದ್ದನ್ನು ಎಲ್ಲರೂ ಬಿಡಬೇಕೆಂದರೆ ವಾರ ಕಳೆಯುವುದರೊಳಗೆ ಹೊರಗಿನಿಂದ ಬಿರಿಯಾನಿ ಬರುತ್ತದೆ. ಪ್ರಮಾಣಕ್ಕೂ ಗೆರೆ ಎಳೆಯಲು ದಾರಿಯಿದೆ: ಕುಕ್ಕರಿಗೆ ಅಕ್ಕಿ ಅಳೆಯುವಾಗಲೇ ಒಂದು ಪಾವು ಹಾಕುವಲ್ಲಿ ಮುಕ್ಕಾಲು ಹಾಕಿದರೆ, ಪಾತ್ರೆಯಲ್ಲಿ ಇಲ್ಲದ್ದನ್ನು ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಾರರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಯಾರ ಮಾತನ್ನೋ ಕೇಳಿ ರಾತ್ರಿಯ ಪಿಷ್ಟವನ್ನು ಏಕಾಏಕಿ ನಿಲ್ಲಿಸಬಾರದು. ಔಷಧಿಯ ಪ್ರಮಾಣ ಬದಲಾಗದೆ ಊಟವಷ್ಟೇ ಬದಲಾದರೆ ನಡುರಾತ್ರಿ ಸಕ್ಕರೆ ಕುಸಿಯಬಹುದು, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಳಿದವರು ಪಲ್ಯವನ್ನು ಬಟ್ಟಲು ತುಂಬ ತಿಂದು, ಒಂದು ಸೌಟು ಅನ್ನವನ್ನು ಸಾರಿನಲ್ಲಿ ಮುಗಿಸಿದ ಮೇಲೂ ಕೊನೆಗೊಂದು ಹಿಡಿ ಮೊಸರನ್ನ ಕೇಳಿದರೆ, ಅದನ್ನು ಕಿತ್ತುಕೊಳ್ಳುವಷ್ಟು ಬಲ ಪರ ವಾದದ ಯಾವ ಅಂಕಿಗೂ ಇಲ್ಲ.