ಮಗು ಹೋದ ಮನೆಗೆ ಎಷ್ಟು ದಿನ ರಜೆ?

ಬ್ರಿಟನ್ನಿನಲ್ಲಿ 2010ರಲ್ಲಿ 23 ತಿಂಗಳ ಜ್ಯಾಕ್ ನೀರಿನಲ್ಲಿ ಮುಳುಗಿ ತೀರಿಕೊಂಡ. ಅವನ ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ, 18 ತುಂಬದ ಮಗುವನ್ನು ಕಳೆದುಕೊಂಡ ಉದ್ಯೋಗಿಗಳಿಗೆ ಎರಡು ವಾರದ ರಜೆ 2020ರ ಏಪ್ರಿಲ್‌ನಿಂದ ಕಾನೂನಿನ ಹಕ್ಕಾಯಿತು. ಎರಡೇ ವಾರ, ನಿಜ. ಆದರೂ ಹಕ್ಕು ಹಕ್ಕೇ.

ನಮ್ಮಲ್ಲಿ? ಹುಟ್ಟಿದ 28 ದಿನದೊಳಗೆ ಮಗು ತೀರಿಕೊಂಡರೆ ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ, ಷರತ್ತುಗಳೊಂದಿಗೆ, 60 ದಿನಗಳ ವಿಶೇಷ ರಜೆ ಎಂದು 2022ರಲ್ಲಿ ಆದೇಶವಾಗಿದೆ. ಐದು ವರ್ಷದ ಮಗು ರಾತ್ರೋರಾತ್ರಿ ಇಲ್ಲವಾದರೆ? ಅಪ್ಪನಿಗೆ? ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಮ್ಮನಿಗೆ? ಆ ಆದೇಶದಲ್ಲಿ ಉತ್ತರವಿಲ್ಲ. ಮಹಜರು, ಮರಣೋತ್ತರ ಪರೀಕ್ಷೆ ಎಂದು ಅಲೆಯುವ ದಿನಗಳಲ್ಲೇ ಸಂಬಳ ಕಡಿತದ ಚಿಂತೆ ಬೇರೆ.

ರಾಜ್ಯ ಸರ್ಕಾರ ಇಂಥ ರಜೆಯನ್ನು ಎಲ್ಲ ದುಡಿಯುವ ತಂದೆತಾಯಿಗೂ ಕೊಡಿಸಲಿ. ಜೊತೆಗೆ, ಮರಣೋತ್ತರ ಪರೀಕ್ಷೆಯ ವರದಿಯನ್ನು ಸುಮ್ಮನೆ ಕೈಗೆ ತುರುಕದೆ, ಕೂರಿಸಿಕೊಂಡು ಕನ್ನಡದಲ್ಲಿ ವಿವರಿಸುವ ಒಬ್ಬರಾದರೂ ಪ್ರತಿ ಜಿಲ್ಲಾಸ್ಪತ್ರೆಯಲ್ಲಿರಲಿ.