ವಿಡಿಯೊ ನಿಂತ ಜಾಗದಿಂದ ಮುಂದೆ

ಇಂಟರ್ನ್‌ಶಿಪ್‌ಗೆ ಆಯ್ಕೆಯಾದವರ ಪಟ್ಟಿ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಾಗ ರಾತ್ರಿ ಹನ್ನೊಂದು. ಎರಡು ಸಲ ಓದಿದೆ, ನನ್ನ ಹೆಸರಿರಲಿಲ್ಲ. ಮರುದಿನ ಸೀನಿಯರ್ ಒಬ್ಬರು ಸಮಾಧಾನಕ್ಕೆಂದು ಒಂದು ವಿಡಿಯೊ ಕಳುಹಿಸಿದರು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ್ತಿ ಬೆತ್ ಮೀಡ್ ಅವರನ್ನು 2021ರಲ್ಲಿ ಒಲಿಂಪಿಕ್ಸ್ ತಂಡಕ್ಕೆ ತೆಗೆದುಕೊಳ್ಳಲಿಲ್ಲ, ಆ ಸಿಟ್ಟಿನಲ್ಲೇ ಅವರು ಮರುವರ್ಷ ಯುರೋಪ್ ಗೆದ್ದರು ಎಂಬುದು ಅದರ ಸಾರ. ತಿರಸ್ಕಾರ ಒಳ್ಳೆಯದೇ ಎಂಬ ಧಾಟಿ ನನಗೆ ಹಿಡಿಸಲಿಲ್ಲ. ಪರೀಕ್ಷೆಗೆ ಓದುವುದು ಬಿಟ್ಟು ಮೀಡ್ ಬಗ್ಗೆ ಓದಿದೆ.

ಯಾರ್ಕ್‌ಷೈರ್ ಕರಾವಳಿಯ ವಿಟ್ಬಿಯಲ್ಲಿ 1995ರಲ್ಲಿ ಹುಟ್ಟಿದವರು ಮೀಡ್. ತರಬೇತಿಗೆ ಮಿಡಲ್ಸ್‌ಬರೋವರೆಗೆ ಹೋಗುವ ಪೆಟ್ರೋಲ್ ಖರ್ಚಿಗಾಗಿ ಅಮ್ಮ ಇನ್ನೊಂದು ಕೆಲಸಕ್ಕೆ ಸೇರಿದ್ದರು. ಸಂಡರ್‌ಲೆಂಡ್ ಕ್ಲಬ್ಬಿಗೆ ಆಡುತ್ತಲೇ ಮೀಡ್ ಟೀಸೈಡ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಓದಿದರು, ಪಬ್‌ನಲ್ಲೂ ದುಡಿದರು. 2015ರಲ್ಲಿ 12 ಗೋಲು ಹೊಡೆದು ಲೀಗಿನಲ್ಲೇ ಮೊದಲಿಗರಾದರು. 2017ರಲ್ಲಿ ಆರ್ಸೆನಲ್ ಸೇರಿದರು.

ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಬ್ರಿಟನ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ, ನಿಜ. ಆದರೆ ಅಲ್ಲಿಂದ ಮುಂದೆ ಆದದ್ದನ್ನು ಬರೀ ಸಿಟ್ಟು ಎನ್ನಲಾಗದು. ಮುಂದಿನ ಸೀಸನ್‌ಗೆ ಆಡಲು ಆರ್ಸೆನಲ್ ಇತ್ತು. ಇಂಗ್ಲೆಂಡ್ ತಂಡಕ್ಕೆ ಸರೀನಾ ವೀಗ್‌ಮನ್ ಹೊಸ ಕೋಚ್ ಆಗಿ ಬಂದರು. ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ಉತ್ತರ ಐರ್ಲೆಂಡ್ ವಿರುದ್ಧ ಬದಲಿ ಆಟಗಾರ್ತಿಯಾಗಿ ಇಳಿದ ಮೀಡ್ 14 ನಿಮಿಷಗಳಲ್ಲಿ ಮೂರು ಗೋಲು ಹೊಡೆದರು. ಕೆಲವೇ ತಿಂಗಳ ಹಿಂದೆ ಬೇಡವಾಗಿದ್ದ ಅದೇ ಆಟಗಾರ್ತಿ. ಹಾಗಾದರೆ ಮೊದಲಿನ ಪಟ್ಟಿ ಸರಿಯಿತ್ತೇ ಎಂದು ವಿಡಿಯೊ ಕೇಳುವುದಿಲ್ಲ. ಸೋಲು ಒಳ್ಳೆಯದು ಎಂಬ ಮಾತು ಆಯ್ಕೆ ಮಾಡುವವರಿಗೆ ತುಂಬಾ ಅನುಕೂಲ. ತಪ್ಪು ಅವರದಿದ್ದರೂ ಪಾಠ ಮಾತ್ರ ನಮಗೆ.

2022ರ ಯುರೋ ಟೂರ್ನಿಯ ಮೊದಲ ಪಂದ್ಯದಲ್ಲಿ ಆಸ್ಟ್ರಿಯಾ ವಿರುದ್ಧ ಬಂದ ಏಕೈಕ ಗೋಲು ಮೀಡ್ ಅವರದು. ನಾರ್ವೆಯನ್ನು 8-0ಯಿಂದ ಬಡಿದಾಗ ಅದರಲ್ಲಿ ಮೂರು ಅವರವು. ಕೊನೆಗೆ ಜರ್ಮನಿಯ ಅಲೆಕ್ಸಾಂಡ್ರಾ ಪಾಪ್ ಮತ್ತು ಮೀಡ್ ಇಬ್ಬರದೂ ಆರಾರು ಗೋಲು. ಗೋಲ್ಡನ್ ಬೂಟ್ ಮೀಡ್‌ಗೆ ಬಂದದ್ದು ಉಳಿದವರ ಗೋಲಿಗೆ ಒದಗಿಸಿದ ಐದು ಪಾಸ್‌ಗಳಿಂದ. ಸಿಟ್ಟಿನಲ್ಲಿ ಇರುವವರು ಅಷ್ಟು ಪಾಸ್ ಕೊಡುತ್ತಾರೆಯೇ? ನಾನಂತೂ ಕೊಡುತ್ತಿರಲಿಲ್ಲ.

ವಿಡಿಯೊ ಇಲ್ಲಿಗೆ ಮುಗಿಯುತ್ತದೆ. ಅದೇ ನವೆಂಬರ್‌ನಲ್ಲಿ ಮೀಡ್ ಅವರ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿಯಿತು. ಜನವರಿಯಲ್ಲಿ ಕ್ಯಾನ್ಸರ್‌ನಿಂದ ಅಮ್ಮ ತೀರಿಕೊಂಡರು, ಪೆಟ್ರೋಲಿಗಾಗಿ ಎರಡನೇ ಕೆಲಸ ಮಾಡಿದ್ದ ಅದೇ ಅಮ್ಮ. 2023ರ ವಿಶ್ವಕಪ್‌ಗೆ ಹೋಗಲಾಗಲಿಲ್ಲ. ಇದನ್ನೂ ಒಳ್ಳೆಯದೇ ಆಯಿತು ಎಂದು ಯಾವ ಬಾಯಿಂದ ಹೇಳುವುದು?

2025ರ ಮೇನಲ್ಲಿ ಲಿಸ್ಬನ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾ ವಿರುದ್ಧ ಬೆಂಚಿನಿಂದ ಎದ್ದು ಬಂದ ಮೀಡ್ ಕೊಟ್ಟ ಪಾಸನ್ನು ಸ್ಟಿನಾ ಬ್ಲಾಕ್‌ಸ್ಟೀನಿಯಸ್ ಗೋಲಾಗಿಸಿದರು. ಆರ್ಸೆನಲ್‌ಗೆ 1-0 ಗೆಲುವು. ಜುಲೈನಲ್ಲಿ ಬಾಸೆಲ್‌ನಲ್ಲಿ ಯುರೋ ಫೈನಲ್, ಸ್ಪೇನ್ ಎದುರು 1-1 ಸಮವಾಗಿ ಪೆನಾಲ್ಟಿ ಶೂಟೌಟ್. ಇಂಗ್ಲೆಂಡಿನ ಮೊದಲ ಪೆನಾಲ್ಟಿ ಮೀಡ್ ಅವರದು. ಒದೆಯುವಾಗ ಕಾಲು ಜಾರಿತು, ಚೆಂಡು ಎರಡು ಸಲ ತಾಗಿಯೂ ಗೋಲಾಯಿತು. ಮೊದಲಾಗಿದ್ದರೆ ಅವಕಾಶ ಅಲ್ಲಿಗೇ ಮುಗಿಯುತ್ತಿತ್ತು. ಕೆಲವೇ ವಾರಗಳ ಹಿಂದೆ ನಿಯಮ ಬದಲಾಗಿದ್ದರಿಂದ ಮತ್ತೆ ಒದೆಯಲು ಬಿಟ್ಟರು. ಅದನ್ನು ಗೋಲ್‌ಕೀಪರ್ ತಡೆದರು.

ಆಮೇಲೆ ಇಂಗ್ಲೆಂಡ್ ಗೋಲ್‌ಕೀಪರ್ ಹನ್ನಾ ಹ್ಯಾಂಪ್ಟನ್ ಎರಡು ಪೆನಾಲ್ಟಿ ತಡೆದರು. ಕೊನೆಯದನ್ನು ಕ್ಲೋಯಿ ಕೆಲ್ಲಿ ಬಲೆಗೆ ಬಾರಿಸಿದರು. 3-1. ಮೀಡ್ ಮತ್ತೊಮ್ಮೆ ಚಾಂಪಿಯನ್, ಈ ಸಲ ತಾನು ತಪ್ಪಿಸಿದ ಪೆನಾಲ್ಟಿಯ ಜೊತೆಗೆ.

ನಮ್ಮಲ್ಲಿ ಆಯ್ಕೆಯಾಗದವರಿಗೆ ಬೇಕಾದದ್ದು ಇಂಥದೇ ಒಂದು ತಂಡ, ಮುಂದಿನ ವಾರದ ಪಂದ್ಯ. ಎಲ್ಲಿ ತಪ್ಪಾಯಿತೆಂದು ಆ ಕಂಪನಿಗೆ ಮೇಲ್ ಹಾಕಿದ್ದೆ, ಉತ್ತರವಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ನಾವು ಆರು ಮಂದಿ ಈಗ ಸಂಜೆ ಲೈಬ್ರರಿಯ ಹಿಂದಿನ ಕಟ್ಟೆಯಲ್ಲಿ ಕೂತು ಒಬ್ಬರಿಗೊಬ್ಬರು ಇಂಟರ್‌ವ್ಯೂ ಮಾಡುತ್ತೇವೆ. ಸೀನಿಯರ್‌ಗೆ ಬಾಸೆಲ್‌ನ ಪೆನಾಲ್ಟಿಯ ವಿಡಿಯೊ ಕಳುಹಿಸಿದ್ದೇನೆ. ಇನ್ನೂ ನೋಡಿಲ್ಲ ಅನಿಸುತ್ತದೆ.