ಸಿಕಲ್ ಸೆಲ್: ಕಾರ್ಡ್ ಹಂಚಿದ್ದಾಯ್ತು, ಮಾತ್ರೆ ಎಲ್ಲಿ?

ಸಿಕಲ್ ಸೆಲ್ ರಕ್ತಹೀನತೆಯನ್ನು 2047ರೊಳಗೆ ನಿರ್ಮೂಲನೆ ಮಾಡ್ತೀವಿ ಅಂತ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಯೋಜನೆ ಶುರು ಮಾಡಿತು. ಕರ್ನಾಟಕವೂ ಸೇರಿ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಇದರ ಗುರಿ. ಪರೀಕ್ಷೆಯಾದವರ ಕೈಗೆ ಒಂದು ಕಾರ್ಡ್. ಮದುವೆಗೆ ಮುಂಚೆ ಇಬ್ಬರ ಕಾರ್ಡನ್ನೂ ನೋಡಿ ಅನ್ನೋದು ಸಲಹೆ. ಹಾಗಾದರೆ ನಿರ್ಮೂಲನೆ ಆಗಬೇಕಿರೋದು ರೋಗಿಯ ನೋವಾ, ಜೀನ್ ಹೊತ್ತವರ ಮದುವೆಯಾ?

ಈ ಜೀನ್ 'ಕೆಟ್ಟ ರಕ್ತ'ದ ಗುರುತಲ್ಲ. ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಜೀವ ಹಿಂಡುವ ನೋವು ಕೊಡುತ್ತವೆ. ಒಬ್ಬರಿಂದ ಮಾತ್ರ ಬಂದವರು 'ವಾಹಕರು'. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರ್ತಾರೆ, ಮೇಲಾಗಿ ಮಾರಕ ಮಲೇರಿಯಾದಿಂದ ಅವರಿಗೆ ರಕ್ಷಣೆ ಸಿಗುತ್ತೆ. ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ಮಾಡಿದ ಆಂಥೊನಿ ಆಲಿಸನ್ 1954ರಲ್ಲೇ ಇದನ್ನು ತೋರಿಸಿಕೊಟ್ಟರು. ಮಲೇರಿಯಾ ಕಾಡಿದ ಕಡೆಗಳಲ್ಲಿ ಇಂಥ ಮಕ್ಕಳು ಹೆಚ್ಚು ಬದುಕುಳಿದರು, ಜೀನ್ ಕೂಡ ಉಳಿಯಿತು. ಆಫ್ರಿಕಾ, ಗ್ರೀಸ್, ಅರೇಬಿಯಾಗಳಲ್ಲಿ ಅದು ಇರೋದು ಅದಕ್ಕೇ. ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ.

ಈ ಚರಿತ್ರೆ ಮರೆತಾಗ ಏನಾಗುತ್ತೆ ಅನ್ನೋದಕ್ಕೆ ಅಮೆರಿಕ ಸಾಕ್ಷಿ. 1970ರ ದಶಕದಲ್ಲಿ ಅಲ್ಲಿನ ಹಲವು ರಾಜ್ಯಗಳು ಕಪ್ಪು ಜನರನ್ನೇ ಗುರಿಯಾಗಿಸಿ ಪರೀಕ್ಷೆ ಕಡ್ಡಾಯ ಮಾಡಿದವು. ಆರೋಗ್ಯವಂತ ವಾಹಕರನ್ನೂ ರೋಗಿಗಳೆಂದು ಕಂಡು ಕೆಲಸ, ವಿಮೆ ನಿರಾಕರಿಸಿದ್ದುಂಟು. ವಾಯುಪಡೆ ಅಕಾಡೆಮಿಯ ಬಾಗಿಲು 1981ರವರೆಗೂ ಅವರಿಗೆ ಮುಚ್ಚಿತ್ತು.

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಇದು ಜೋಡಿಗೆ ಗೊತ್ತಿರಬೇಕು, ನಿರ್ಧಾರವೂ ಅವರದ್ದೇ ಆಗಿರಬೇಕು. ಆದರೆ ವಾಹಕ ಅಂದ್ರೆ ರೋಗಿಯಲ್ಲ ಅಂತ ಅವರ ಭಾಷೆಯಲ್ಲಿ ಬಿಡಿಸಿ ಹೇಳುವವರು ಇಲ್ಲದಿದ್ದರೆ, ಆ ಕಾರ್ಡ್ ಇನ್ನೊಂದು ಜಾತಕ ಆಗುತ್ತೆ. ಅದರ ಏಟು ಮೊದಲು ಬೀಳೋದು ಹೆಣ್ಣುಮಕ್ಕಳ ಮೇಲೆ.

ಇನ್ನು ಈಗಾಗಲೇ ರೋಗ ಇರುವವರ ಪಾಡೇನು? ನೋವಿನ ಹೊಡೆತ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಔಷಧಿ ಇದೆ. ಅದನ್ನು ದಿನಾ ತಗೋಬೇಕು, ಆಗಾಗ ರಕ್ತ ಪರೀಕ್ಷೆಯೂ ಆಗಬೇಕು. ಚಾಮರಾಜನಗರದ ಸೋಲಿಗರ ಪೋಡಿನಿಂದಲೋ ಎಚ್.ಡಿ. ಕೋಟೆಯ ಜೇನು ಕುರುಬರ ಹಾಡಿಯಿಂದಲೋ ಪ್ರತಿ ಸಲ ಕೂಲಿ ಬಿಟ್ಟು ಪಟ್ಟಣಕ್ಕೆ ಹೋಗಬೇಕು ಅಂದ್ರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತೆ.

ಎಷ್ಟು ಕಾರ್ಡ್ ಹಂಚಿದ್ವಿ ಅನ್ನೋ ಲೆಕ್ಕ ಸರ್ಕಾರ ಕೊಡುತ್ತೆ. ರೋಗ ಪತ್ತೆಯಾದ ಎಷ್ಟು ಮಕ್ಕಳಿಗೆ ಈ ತಿಂಗಳ ಮಾತ್ರೆ ಸಿಕ್ಕಿದೆ ಅನ್ನೋ ಲೆಕ್ಕವನ್ನು ನಾವು ಕೇಳಬೇಕು.